ಸ್ಮೃತಿಯ ಸೋರಿಕೆಯೋ, ಹೂಳೋ?

ರೋಣದ ಸೀಮೆಯ ಅಸೂಟಿಯಂಥ ಊರಿನ ಹೊಲವೊಂದಕ್ಕೆ ಖರೀದಿಪತ್ರವನ್ನು ಬರೆಯುವಾಗ ಹಳೆಯ ಬರಹಗಾರರು ಊರಿನ ಹೆಸರನ್ನು ಒಮ್ಮೆ ಮಾತ್ರ ಪೂರ್ಣವಾಗಿ ಬರೆಯುತ್ತಿದ್ದರು. ಮೊದಲಲ್ಲಿ ಮೌಜೆ ಅಸೂಟಿ, ತಾಲೂಕ ರೋಣ ಎಂದು ಬಂದಿತೆಂದರೆ ಮುಂದೆ ಎಲ್ಲೆಡೆಯಲ್ಲಿಯೂ 'ಮೌಜೆ ಮಜಕೂರ' ಎಂದರೆ ಸಾಕಾಗುತ್ತಿತ್ತು. ಮಜಕೂರ, ಸದರ, ಸದರಹು ಎಂಬೀ ಶಬ್ದಗಳು ಕಾಗದವನ್ನೂ ಶಾಯಿಯನ್ನೂ ಉಳಿಸುವ ಉಪಾಯಗಳು ಮಾತ್ರವಲ್ಲ. ಹಿಂದೆ ಹೇಳಿದ ಊರೂ ಈಗ ಹೇಳುವ ಊರೂ ಒಂದೇ, ಎರಡಲ್ಲ, ಎಂಬ ನಿಶ್ಚಯವನ್ನು ಕೊಡುವ ಸಾಧನಗಳೂ ಆಗಿದ್ದವು. ಆದರೆ ಇವುಗಳಿಗೆ ಒಂದು ಬೆಲೆ ಉಂಟು. ಬರೆಯುವವನೂ ಓದುವವನೂ ಮಜಕೂರವೆಂದರೆ ಯಾವದು ಎಂಬದನ್ನು ಪತ್ರವು ಮುಗಿಯುವ ವರೆಗೆ ನೆನಪಿನಲ್ಲಿ ಹಿಡಿದಿರಬೇಕು. ಪತ್ರವು ಮುಗಿದೊಡನೆ ಆ ನೆನಪಿನ ಋಣವು ತೀರುವದು. ಮರುದಿನ ಅದೇ ಊರಿನ ಬೇರೊಂದು ಹೊಲದ ಪತ್ರವನ್ನು ಬರೆಯುವಾಗ ಬರಹಗಾರನು ಪುನಃ ಮೌಜೆ ಅಸೂಟಿ ಎಂದೇ ಆರಂಭಿಸುವನು; ನಿನ್ನಿನ ಪತ್ರದ ಮಜಕೂರವು ಇಂದಿನ ಪತ್ರಕ್ಕೆ ಸಲ್ಲದು.

ಈ ಸಣ್ಣ ನಿಯಮವನ್ನು ಮರೆತುದರಿಂದ ಗಣಕಯಂತ್ರಗಳ ಲೋಕದಲ್ಲಿ ಹುಟ್ಟಿದ ಒಂದು ರೋಗದ ಇತಿಹಾಸವು ಇಲ್ಲಿಯ ವಿಷಯ. ಆ ರೋಗಕ್ಕೆ ಅಲ್ಲಿಯವರು ಮೆಮೊರಿ ಲೀಕ್, ಎಂದರೆ ಸ್ಮೃತಿಯ ಸೋರಿಕೆ, ಎಂದು ಹೆಸರಿಟ್ಟಿದ್ದಾರೆ. ಹೆಸರು ಅನ್ವರ್ಥವಾಗಿಲ್ಲ. ಹೆಸರಿನ ತಪ್ಪು ಚಿಕಿತ್ಸೆಯ ತಪ್ಪಿಗೂ ದಾರಿಯಾಗಿದೆಯಾದ್ದರಿಂದ ಶಬ್ದವಿಚಾರವನ್ನೂ ವಸ್ತುವಿಚಾರವನ್ನೂ ಕೂಡಿಯೇ ಮಾಡಬೇಕಾಗಿದೆ.

ಮೊದಲು ಎರಡು ಪರಿಭಾಷೆಗಳು. ಗಣಕಯಂತ್ರದ ಸ್ಮೃತಿಯಲ್ಲಿ ಒಂದು ವಸ್ತುವು ಮತ್ತೊಂದನ್ನು ಬೆರಳುಮಾಡಿ ತೋರಿಸುತ್ತ ಬಲೆಯಂತೆ ಹಬ್ಬಿಕೊಂಡಿರುತ್ತದೆ. ರೈತನ ದಾಖಲೆಯು ಹೊಲವನ್ನು ತೋರಿಸುವದು. ಹೊಲವು ಊರನ್ನು ತೋರಿಸುವದು. ಊರು ತನ್ನ ಹೊಲಗಳೆಲ್ಲವನ್ನೂ ತಿರುಗಿ ತೋರಿಸುವದು. ಈ ಬಲೆಯನ್ನು ಬಿಡಿಸಿ, ಒಂದರ ಹಿಂದೆ ಒಂದು ಬರುವ ಅಕ್ಷರಗಳ ಸಾಲನ್ನಾಗಿ ಮಾಡಿ, ತಂತಿಯ ಮೂಲಕ ಕಳಿಸುವ ಅಥವಾ ಕಡತದಲ್ಲಿ ಇಡುವ ಕ್ರಿಯೆಯನ್ನು ಸೀರಿಯಲೈಜೇಶನ್ ಎನ್ನುವರು. ಇಲ್ಲಿ ಅದನ್ನು ಸರಣೀಕರಣವೆಂದು ಕರೆಯಬಹುದು. ಎರಡನೆಯದು ಗಾರ್ಬೇಜ್ ಕಲೆಕ್ಷನ್ ಎಂಬ ಕಸಗುಡಿಸುವ ಕ್ರಮ. ಯಾರೂ ಬೆರಳುಮಾಡಿ ತೋರಿಸದ ವಸ್ತುವು ಸತ್ತಂತೆ. ಅದು ಹಿಡಿದ ಜಾಗವನ್ನು ಯಂತ್ರವೇ ಹುಡುಕಿ ಬಿಡಿಸಿಕೊಳ್ಳುವದು. ಸಿ ಮೊದಲಾದ ಭಾಷೆಗಳಲ್ಲಿ ಈ ಕೆಲಸವನ್ನು ಬರೆಯುವವನೇ ಕೈಯಾರೆ ಮಾಡಬೇಕು. ಲಿಸ್ಪ್, ಜಾವಾ, ಪೈಥನ್ ಮೊದಲಾದವುಗಳಲ್ಲಿ ಅದು ತಾನಾಗಿ ನಡೆಯುವದು.

ಕಸಗುಡಿಸುವಿಕೆಯ ಕಲ್ಪನೆಯು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು ೧೯೬೦ರ ಏಪ್ರಿಲ್ ತಿಂಗಳಿನಲ್ಲಿ, ಅಮೇರಿಕೆಯ ಜಾನ್ ಮೆಕಾರ್ಥಿಯು ಲಿಸ್ಪ್ ಭಾಷೆಯನ್ನು ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿ. ಐ. ಬಿ. ಎಂ. ೭೦೪ ಎಂಬ ಯಂತ್ರದಲ್ಲಿ ಸುಮಾರು ೧೫,೦೦೦ ಖಾಲಿ ಕೋಶಗಳನ್ನು ಒಂದು ಸರಪಳಿಯಂತೆ ಕಟ್ಟಿಡಲಾಗಿತ್ತು. ಅವು ತೀರುವ ವರೆಗೆ ಯಾವ ಯೋಚನೆಯೂ ಇಲ್ಲ. ತೀರಿದಾಗ ಯಂತ್ರವು ನಿಂತು, ಉಪಯೋಗದಲ್ಲಿರುವ ಕೋಶಗಳಿಗೆಲ್ಲ ಗುರುತು ಹಾಕಿ, ಗುರುತಿಲ್ಲದವುಗಳನ್ನು ತಿರುಗಿ ಸರಪಳಿಗೆ ಸೇರಿಸುವದು. ಸೋಜಿಗವೆಂದರೆ ಆ ಲೇಖನದಲ್ಲಿ ಕಸವೆಂಬ ಶಬ್ದವೇ ಇಲ್ಲ. ಪ್ರಯೋಗಶಾಲೆಯಲ್ಲಿ ಎಲ್ಲರೂ ಆ ಹೆಸರನ್ನೇ ಬಳಸುತ್ತಿದ್ದರಂತೆ. ಅಚ್ಚಿನಲ್ಲಿ ಬಳಸಲು ತನಗೆ ಧೈರ್ಯ ಸಾಲಲಿಲ್ಲವೋ, ಪ್ರಯೋಗಶಾಲೆಯಲ್ಲಿ ವ್ಯಾಕರಣವನ್ನು ತಿದ್ದುತ್ತಿದ್ದ ಮಹಿಳೆಯರು ಬಿಡಲಿಲ್ಲವೋ ಎಂದು ಮೆಕಾರ್ಥಿಯು ಬಹುಕಾಲದ ಮೇಲೆ ಅದೇ ಲೇಖನಕ್ಕೆ ಸೇರಿಸಿದ ಟಿಪ್ಪಣಿಯಲ್ಲಿ ವಿನೋದವಾಗಿ ಹೇಳಿಕೊಂಡಿದ್ದಾನೆ. ಗ್ರಾಮ್ಯವೆಂದು ಹೊರಗಿಟ್ಟ ಶಬ್ದವೇ ಕೊನೆಗೆ ಶಾಸ್ತ್ರದ ಪರಿಭಾಷೆಯಾದ ಉದಾಹರಣೆಗಳು ಅಲಂಕಾರಿಕರಿಗೆ ಹೊಸತಲ್ಲ.

ಆ ಆರಂಭದ ಕಾಲದ ಒಂದು ಪ್ರಸಂಗವನ್ನು ಆತನೇ ೧೯೭೮ರಲ್ಲಿ ಬರೆದಿದ್ದಾನೆ. ಉದ್ಯಮಪತಿಗಳ ಸಭೆಯಲ್ಲಿ ಲಿಸ್ಪ್‌ನ ಪ್ರದರ್ಶನವು ನಡೆದಿತ್ತು. ಯಂತ್ರವು ಟೈಪ್‌ರೈಟರಿನಲ್ಲಿ ನಿಧಾನವಾಗಿ ಉತ್ತರಗಳನ್ನು ಒತ್ತುತ್ತಿತ್ತು. ನಡುವೆ ಖಾಲಿ ಕೋಶಗಳು ತೀರಿಹೋದವು. ಕಸಗುಡಿಸುವವನನ್ನು ಕರೆಯಲಾಗಿದೆಯೆಂದೂ ಸ್ವಾರಸ್ಯವಾದ ಕೆಲವು ಅಂಕಿಸಂಖ್ಯೆಗಳು ಹೀಗಿವೆಯೆಂದೂ ಯಂತ್ರವು ಒತ್ತತೊಡಗಿ, ಸಭೆಯ ವೇಳೆಯೆಲ್ಲ ಅದರಲ್ಲಿಯೇ ಕಳೆದುಹೋಯಿತು. ಇದು ನಗೆಯ ಕಥೆಯಾದರೂ ಮೆಕಾರ್ಥಿಯ ೧೯೬೦ರ ಲೇಖನದಲ್ಲಿ ಇದಕ್ಕೆ ಹೊಂದುವ ಒಂದು ಗಂಭೀರವಾದ ಎಚ್ಚರಿಕೆ ಉಂಟು. ಜೀವಂತ ವಸ್ತುಗಳಿಂದಲೇ ಸ್ಮೃತಿಯು ತುಂಬುತ್ತ ಬಂದರೆ ಗುಡಿಸುವದರಿಂದ ಸಿಕ್ಕುವ ಜಾಗವು ಸ್ವಲ್ಪ, ಗುಡಿಸುವ ವೇಳೆಯು ಬಹಳ. ಕೊನೆಗೆ ಯಂತ್ರದ ಆಯುಷ್ಯವೆಲ್ಲ ಗುಡಿಸುವದರಲ್ಲಿಯೇ ಹೋಗುವದು ಎಂಬದೇ ಅದು. ಮುಂದೆ ಜಾವಾದಲ್ಲಿ ವೇಳೆಯ ನೂರರಲ್ಲಿ ೯೮ ಪಾಲಿಗಿಂತ ಹೆಚ್ಚು ಗುಡಿಸುವದಕ್ಕೆ ಹೋಗಿ, ನೂರರಲ್ಲಿ ೨ ಪಾಲಿಗಿಂತ ಕಡಿಮೆ ಜಾಗವು ಸಿಕ್ಕಿದರೆ ಕೆಲಸವನ್ನೇ ನಿಲ್ಲಿಸಿಬಿಡಬೇಕೆಂಬ ನಿಯಮವನ್ನು ಮಾಡಿದರು. ಎಚ್ಚರಿಕೆಯನ್ನು ಅಂಕಿಯಲ್ಲಿ ಬರೆದಂತಾಯಿತು.

ಅದೇ ೧೯೬೦ರ ಡಿಸೆಂಬರಿನಲ್ಲಿ ಜಾರ್ಜ್ ಕಾಲಿನ್ಸ್‌ನು ಬೇರೊಂದು ಮಾರ್ಗವನ್ನು ತೋರಿಸಿದನು: ಪ್ರತಿಯೊಂದು ವಸ್ತುವನ್ನು ಎಷ್ಟು ಬೆರಳುಗಳು ತೋರಿಸುತ್ತಿವೆಯೆಂದು ಎಣಿಸಿಟ್ಟು, ಎಣಿಕೆಯು ಸೊನ್ನೆಯಾದಾಗ ಬಿಡುವದು. ಪರಸ್ಪರ ತೋರಿಸಿಕೊಳ್ಳುವ ಎರಡು ವಸ್ತುಗಳಲ್ಲಿ ಎಣಿಕೆಯು ಎಂದೂ ಸೊನ್ನೆಯಾಗದೆಂದು ಮೆಕ್‌ಬೆತ್‌ನು ೧೯೬೩ರಲ್ಲಿ ಎತ್ತಿ ತೋರಿಸಿದನು. ಪೈಥನ್ ಭಾಷೆಯು ಎಣಿಕೆಯ ಮಾರ್ಗವನ್ನೇ ಹಿಡಿದು, ಚಕ್ರಗಳನ್ನು ಹುಡುಕುವ ಗುಡಿಸುವಿಕೆಯನ್ನು ೨೦೦೦ದಲ್ಲಿ ಸೇರಿಸಿಕೊಂಡಿತು.

೧೯೬೩ರಲ್ಲಿ ನಡೆದ ಮತ್ತೊಂದು ಸಂಗತಿಯನ್ನು ಇತಿಹಾಸವನ್ನು ಬರೆಯುವವರು ಸಾಲದಷ್ಟೇ ಗಮನಿಸಿದ್ದಾರೆ. ಮಾರ್ವಿನ್ ಮಿನ್ಸ್ಕಿಯು ಆ ವರ್ಷದ ಕೊನೆಗೆ ಬರೆದ ಚಿಕ್ಕ ಪ್ರಬಂಧದಲ್ಲಿ ಕಸಗುಡಿಸುವ ಹೊಸ ರೀತಿಯೊಂದು ಇದೆ: ಜೀವಂತ ವಸ್ತುಗಳನ್ನೆಲ್ಲ ಒಂದರ ಹಿಂದೆ ಒಂದರಂತೆ ಹೊರಗಿನ ಸಂಗ್ರಹಕ್ಕೆ ಸಾಲಾಗಿ ಬರೆದುಬಿಟ್ಟು, ಸ್ಮೃತಿಯನ್ನೆಲ್ಲ ಬರಿದುಮಾಡಿ, ಬರೆದದ್ದನ್ನು ತಿರುಗಿ ಓದಿಕೊಳ್ಳುವದು. ಬರೆಯದೆ ಉಳಿದದ್ದೆಲ್ಲ ಕಸ. ಅದನ್ನು ಬೇರೆಯಾಗಿ ಗುಡಿಸಬೇಕಾಗಿಯೇ ಇಲ್ಲ. ಇದು ಸರಣೀಕರಣವಲ್ಲದೆ ಮತ್ತೇನು? ಸ್ಮೃತಿಯನ್ನು ಶುದ್ಧಮಾಡುವ ಉಪಾಯವಾಗಿಯೇ ಸಾಲುಬರೆಹವು ಕಾಣಿಸಿಕೊಂಡಿತು. ಮೂರು ದಶಕಗಳ ತರುವಾಯ ಅದೇ ಸಾಲುಬರೆಹವು ಸ್ಮೃತಿಯನ್ನು ಮಲಿನಮಾಡುವ ಕಾರಣವಾದದ್ದು ವಿಚಿತ್ರ. ಮಿನ್ಸ್ಕಿಯ ರೀತಿಯಲ್ಲಿ ಬರೆಹವು ಮುಗಿದಮೇಲೆ ಬರೆಯುವಾಗಿನ ಗುರುತುಗಳು ಉಳಿಯುತ್ತಿರಲಿಲ್ಲ, ಈಚಿನವರಲ್ಲಿ ಉಳಿದವು. ಭೇದವು ಇಷ್ಟೇ.

ಬಲೆಯನ್ನು ಸಾಲಾಗಿ ಬಿಡಿಸುವಾಗ ಒಂದೇ ವಸ್ತುವು ಎರಡು ದಾರಿಗಳಿಂದ ಎದುರಾದರೆ ಎರಡು ಸಲ ಬರೆಯಬಾರದು; ಬರೆದರೆ ಓದುವವನಲ್ಲಿ ಒಂದು ಅಸೂಟಿಯು ಎರಡಾಗುವದು. ಚಕ್ರವಿದ್ದರಂತೂ ಬರೆಹವು ಮುಗಿಯಲಾರದು. ಮಾರಿಸ್ ಹರ್ಲಿಹೀ ಮತ್ತು ಬಾರ್ಬರಾ ಲಿಸ್ಕೋವ್ ಇವರು ೧೯೮೨ರಲ್ಲಿ ಈ ಹಂಚಿಕೆಯನ್ನೂ ಚಕ್ರವನ್ನೂ ಕೆಡಿಸದೆ ಸಾಗಿಸುವ ರೀತಿಯನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ಮಾಡ್ಯುಲಾ-೩ ಭಾಷೆಯವರು ಈ ಕ್ರಿಯೆಗೆ ಪಿಕಲ್, ಎಂದರೆ ಉಪ್ಪಿನಕಾಯಿ, ಎಂದು ಹೆಸರಿಟ್ಟರು. ಪೈಥನ್ನಿನಲ್ಲಿಯೂ ಅದೇ ಹೆಸರು ನಿಂತಿದೆ. ಕೆಡದಂತೆ ಭರಣಿಯಲ್ಲಿ ಹಾಕಿಡುವದು ಎಂಬ ಅರ್ಥದಲ್ಲಿ ಹೆಸರು ಚೆನ್ನಾಗಿಯೇ ಇದೆ.

ಜಾವಾ ಭಾಷೆಗೆ ಈ ಶಕ್ತಿಯು ಬಂದದ್ದು ೧೯೯೭ರಲ್ಲಿ ಹೊರಬಿದ್ದ ೧.೧ನೆಯ ಆವೃತ್ತಿಯಲ್ಲಿ. ಅದರ ಸಿದ್ಧಾಂತವನ್ನು ತಿಳಿಸುವ ಪ್ರಬಂಧವು ಹಿಂದಿನ ವರ್ಷ, ೧೯೯೬ರಲ್ಲಿ, ಪ್ರಕಟವಾಯಿತು. ಕರ್ತೃಗಳು ನಾಲ್ವರು: ರಾಜರ್ ರಿಗ್ಸ್, ಜಿಮ್ ವಾಲ್ಡೋ, ಆನ್ ವೋಲ್ರಾತ್, ಮತ್ತು ಕೃಷ್ಣ ಭರತ. ಈ ನಾಲ್ಕನೆಯವರು ಬೆಂಗಳೂರಿನ ಸೇಂಟ್ ಜೋಸೆಫ್ ಬಾಲಕರ ಪ್ರೌಢಶಾಲೆಯಲ್ಲಿ ಓದಿ, ಮದರಾಸಿನ ಐ. ಐ. ಟಿ.ಯನ್ನು ದಾಟಿ ಅಮೇರಿಕೆಗೆ ಹೋದವರು. ಮುಂದೆ ಗೂಗಲ್ ವಾರ್ತಾಸಂಗ್ರಹವನ್ನು ನಿರ್ಮಿಸಿದರೆಂದು ಪ್ರಸಿದ್ಧರು. ಕರ್ನಾಟಕದಲ್ಲಿ ಓದಿದವರೊಬ್ಬರ ಹೆಸರು ಈ ಇತಿಹಾಸದ ಮೂಲದಲ್ಲಿಯೇ ಇದೆಯೆಂಬದನ್ನು ಇಲ್ಲಿಯ ವಾಚಕರು ತಿಳಿದಿರುವದು ಯುಕ್ತ.

ಜಾವಾದ ಬರಹಗಾರನು ಕೆಲಸ ಮಾಡುವ ರೀತಿಯನ್ನು ಅಸೂಟಿಯ ಹೆಸರಿನಿಂದಲೇ ನೋಡಬಹುದು. ಅ, ಸ, ಊಕಾರದ ಚಿಹ್ನೆ, ಟ, ಇಕಾರದ ಚಿಹ್ನೆ ಎಂದು ಯುನಿಕೋಡ್ ಲೆಕ್ಕದಲ್ಲಿ ಈ ಹೆಸರಿಗೆ ೫ ಸಂಕೇತಗಳು. ಕನ್ನಡದ ಪ್ರತಿಯೊಂದು ಸಂಕೇತವು ಸಾಲಿನಲ್ಲಿ ೩ ಬೈಟುಗಳನ್ನು ಹಿಡಿಯುವದರಿಂದ ಹೆಸರಿಗೆ ೧೫ ಬೈಟುಗಳಾದವು. ಇದು ಅಕ್ಷರಮಾಲೆ ಎಂದು ತಿಳಿಸುವ ಗುರುತಿಗೆ ೧, ಉದ್ದವನ್ನು ತಿಳಿಸಲು ೨. ಒಟ್ಟು ೧೮ ಬೈಟುಗಳು. ಬರೆದೊಡನೆ ಬರಹಗಾರನು ತನ್ನ ಹತ್ತಿರವಿರುವ ಕ್ರಮಾಂಕಪಟ್ಟಿಯಲ್ಲಿ ಈ ವಸ್ತುವಿಗೆ ಒಂದು ಅಂಕವನ್ನು ಕೊಟ್ಟು ಅದನ್ನು ಹಿಡಿದಿಡುವನು. ಈ ಅಂಕಗಳ ಎಣಿಕೆಯು ಒಂದರಿಂದಲ್ಲ, ೮೨,೫೭,೫೩೬ ಎಂಬ ಸಂಖ್ಯೆಯಿಂದ ಆರಂಭವಾಗುವದು. ಅದೇ ವಸ್ತುವು ಎರಡನೆಯ ಸಲ ಬಂದರೆ ಮಜಕೂರವೆನ್ನುವ ಗುರುತಿಗೆ ೧ ಬೈಟು, ಅಂಕಕ್ಕೆ ೪. ಒಟ್ಟು ೫ ಮಾತ್ರ. ಅಸೂಟಿಯ ಒಂದು ಸಾವಿರ ದಾಖಲೆಗಳು ಇದೇ ಒಂದು ಹೆಸರನ್ನು ತೋರಿಸುತ್ತವೆಯೆಂದು ಭಾವಿಸಿದರೆ, ಪ್ರತಿಸಲವೂ ಪೂರ್ತಿಯಾಗಿ ಬರೆದಲ್ಲಿ ೧೮,೦೦೦ ಬೈಟುಗಳಾಗುವವು. ಮಜಕೂರದಿಂದ ೫,೦೧೩ರಲ್ಲಿ ಮುಗಿಯುವದು. ಲಾಭವು ಸ್ಪಷ್ಟ.

ಇನ್ನು ನಷ್ಟ. ಊರಿನ ಹೆಸರು ಸಾವಿರ ಸಲ ಬರುವದು ನಿಜ. ಆದರೆ ಒಬ್ಬೊಬ್ಬ ರೈತನ ದಾಖಲೆಯು ಒಂದೇ ಸಲ ಬಂದು ಹೋಗತಕ್ಕದ್ದು. ಮುಂದೆ ಬಂದರೂ ಬರಬಹುದೆಂಬ ಶಂಕೆಯಿಂದ ಬರಹಗಾರನು ಅದನ್ನೂ ಪಟ್ಟಿಯಲ್ಲಿ ಹಿಡಿದಿಡುವನು. ಅವನು ಹಿಡಿದಿರುವ ವರೆಗೆ ಕಸಗುಡಿಸುವವನು ಅದನ್ನು ಮುಟ್ಟಲಾರನು. ಕರ್ನಾಟಕದ ಭೂಮಿ ಯೋಜನೆಯಲ್ಲಿ ೨೦೦೧ರ ಸುಮಾರಿಗೆ ಯಂತ್ರಕ್ಕೆ ಏರಿಸಿದ ಪಹಣಿ ದಾಖಲೆಗಳು ಹತ್ತಿರಹತ್ತಿರ ೨ ಕೋಟಿ. ರೈತರು ಸುಮಾರು ೬೭ ಲಕ್ಷ. ಆ ಯೋಜನೆಯಲ್ಲಿ ಈ ದೋಷವು ಇತ್ತೆಂದು ಹೇಳುವ ಉದ್ದೇಶವಿಲ್ಲ. ಪ್ರಮಾಣವನ್ನು ತಿಳಿಯಲು ಮಾತ್ರ ಈ ಅಂಕಿಯನ್ನು ತೆಗೆದುಕೊಂಡದ್ದು. ಅಷ್ಟು ದಾಖಲೆಗಳನ್ನು ಒಂದೇ ಸಾಲಿನಲ್ಲಿ, ಒಂದೇ ಬರಹಗಾರನಿಂದ ಬರೆಯಿಸಿದರೆ, ಮತ್ತು ಒಂದೊಂದು ದಾಖಲೆಯು ಸ್ಮೃತಿಯಲ್ಲಿ ೫೦೦ ಬೈಟುಗಳನ್ನು ಹಿಡಿಯುವದೆಂದು ಕಲ್ಪಿಸಿದರೆ, ಕೊನೆಗೆ ಪಟ್ಟಿಯು ಹಿಡಿದಿಡುವದು ೧,೦೦೦ ಕೋಟಿ ಬೈಟುಗಳನ್ನು. ಬರೆಯುವದಕ್ಕೆ ಒಂದು ಕ್ಷಣಕ್ಕೆ ಬೇಕಾದದ್ದಾದರೋ ಒಂದೇ ದಾಖಲೆ.

ಇಲ್ಲಿ ಪೂರ್ವಪಕ್ಷವು ಹೀಗೆ ಏಳುವದು: ಕಸಗುಡಿಸುವವನನ್ನು ಇಟ್ಟುಕೊಂಡ ಮನೆಯಲ್ಲಿ ಕಸವು ಕೂಡಿದರೆ ಅಪರಾಧವು ಗುಡಿಸುವವನದಲ್ಲವೆ? ಅಲ್ಲ. ಗುಡಿಸುವವನಿಗೆ ಕೊಟ್ಟ ಲಕ್ಷಣವು 'ಯಾರೂ ತೋರಿಸದ್ದು ಕಸ' ಎಂಬದು. 'ಇನ್ನು ಮುಂದೆ ಯಾರಿಗೂ ಬೇಡವಾದದ್ದು ಕಸ' ಎಂಬದಲ್ಲ. ಬೇಕು ಬೇಡಗಳು ಭವಿಷ್ಯಕ್ಕೆ ಸಂಬಂಧಿಸಿದವು. ಯಂತ್ರಕ್ಕೆ ಗೋಚರವಾಗುವದು ವರ್ತಮಾನದ ಬೆರಳುಗಳು ಮಾತ್ರ. ಈ ಎರಡು ಲಕ್ಷಣಗಳ ನಡುವಿನ ಅಂತರದಲ್ಲಿಯೇ ರೋಗವು ಮನೆಮಾಡಿಕೊಂಡಿದೆ. ಸಿ ಭಾಷೆಯಲ್ಲಿ ಸೋರಿಕೆಯೆಂಬ ಮಾತಿಗೆ ಅರ್ಥವುಂಟು. ಅಲ್ಲಿ ವಸ್ತುವನ್ನು ತೋರಿಸುವ ಕೊನೆಯ ಬೆರಳೂ ಕಳೆದುಹೋಗಿ, ಜಾಗವು ಇದ್ದೂ ಕೈಗೆ ಸಿಕ್ಕದಂತಾಗುವದು. ಕೊಡದ ತೂತಿನಿಂದ ನೀರು ಹೋದಂತೆಯೇ ಅದು. ಜಾವಾದಲ್ಲಿ ನಡೆಯುವದು ಇದರ ವಿಪರೀತ. ಯಾವದೂ ಕೈತಪ್ಪಿ ಹೋಗಿಲ್ಲ, ಕೈಬಿಡಬೇಕಾದದ್ದನ್ನು ಬಿಟ್ಟಿಲ್ಲ. ಜೋಶುವಾ ಬ್ಲಾಕ್‌ನು ೨೦೦೧ರಲ್ಲಿ ಪ್ರಕಟಿಸಿದ ಜಾವಾ ಪ್ರಯೋಗದ ಗ್ರಂಥದಲ್ಲಿ ಇದನ್ನು ಉದ್ದೇಶವಿಲ್ಲದೆ ವಸ್ತುಗಳನ್ನು ಹಿಡಿದಿಡುವದು ಎಂದು ಕರೆಯುವದೇ ಸರಿಯೆಂದು ಸೂಚಿಸಿದನು; ಆದರೂ ರೂಢಿಯು ಸೋರಿಕೆಯನ್ನು ಬಿಡಲಿಲ್ಲ.

ರೋಣ ನರಗುಂದಗಳ ಎರೆಮಣ್ಣಿನ ನಾಡಿನ ರೈತನಿಗೆ ಕೆರೆಯ ಎರಡು ರೋಗಗಳು ಚೆನ್ನಾಗಿ ಗೊತ್ತು. ಒಂದು, ಒಡ್ಡು ಸೋರುವದು. ಮತ್ತೊಂದು, ಹೂಳು ತುಂಬುವದು. ಎರಡರಲ್ಲಿಯೂ ಬೇಸಿಗೆಗೆ ನೀರು ಸಾಲದು. ಫಲವು ಒಂದೇ ಎಂದು ಹೂಳು ತುಂಬಿದ ಕೆರೆಯ ಒಡ್ಡಿಗೆ ಮಣ್ಣು ಮೆತ್ತಲು ಯಾವ ರೈತನೂ ಹೋಗನು. ಜಾವಾದ ರೋಗವು ಹೂಳು. ಪ್ರತಿಯೊಂದು ಮಳೆಯ ಪ್ರವಾಹವೂ ನೀರಿನೊಡನೆ ಸ್ವಲ್ಪ ಮಣ್ಣನ್ನು ತಂದು ಬಿಟ್ಟುಹೋಗುವಂತೆ ಪ್ರತಿಯೊಂದು ದಾಖಲೆಯ ಬರೆಹವೂ ಪಟ್ಟಿಯಲ್ಲಿ ಒಂದು ಅಂಕವನ್ನು ಬಿಟ್ಟುಹೋಗುವದು. ಕನ್ನಡದಲ್ಲಿ ಪರಿಭಾಷೆಯನ್ನು ಹೊಸದಾಗಿ ಕಟ್ಟುವವರು ಇಂಗ್ಲಿಷಿನ ಸೋರಿಕೆಯನ್ನು ಹೊತ್ತು ತರುವದಕ್ಕಿಂತ 'ಸ್ಮೃತಿಯ ಹೂಳು' ಎಂದರೆ ನಿದಾನವೂ ಚಿಕಿತ್ಸೆಯೂ ಹೆಸರಿನಲ್ಲಿಯೇ ಸೂಚಿತವಾಗುವವು.

ಚಿಕಿತ್ಸೆಯು ಮೂಲಪುರುಷರಿಗೆ ತಿಳಿಯದ್ದಲ್ಲ. ರಿಸೆಟ್ ಎಂಬ ಕ್ರಿಯೆಯನ್ನು ಅವರೇ ಇಟ್ಟಿದ್ದಾರೆ. ಅದನ್ನು ಕರೆದರೆ ಬರಹಗಾರನು ಸಾಲಿನಲ್ಲಿ ಒಂದು ಬೈಟಿನ ಗುರುತನ್ನು ಬರೆದು ಪಟ್ಟಿಯನ್ನು ಬರಿದುಮಾಡುವನು. ಮುಂದೆ ಬಂದ ಅಸೂಟಿಯು ಪುನಃ ೧೮ ಬೈಟುಗಳಿಂದ ಆರಂಭವಾಗುವದು. ಒಂದು ವಸ್ತುವನ್ನು ಬರೆಯುತ್ತಿರುವ ನಡುವೆಯೇ ಇದನ್ನು ಕರೆದರೆ ಜಾವಾವು ಒಪ್ಪದೆ ದೋಷವನ್ನು ಸಾರುವದು. ಪತ್ರದ ನಡುವಿನಲ್ಲಿ ಮಜಕೂರದ ಅರ್ಥವನ್ನು ಅಳಿಸಲಾಗದೆಂಬ ಬರಹಗಾರರ ನಿಯಮವೇ ಇದು. ಆದರೆ ಯಾವಾಗ ಕರೆಯಬೇಕೆಂಬದನ್ನು ಭಾಷೆಯು ಹೇಳಲಿಲ್ಲ; ಅದನ್ನು ಬಳಸುವವನಿಗೆ ಬಿಟ್ಟಿತು. ನಮ್ಮ ಶಾಸನಗಳ ದಾನಗಳಂತೆ ಆಚಂದ್ರಾರ್ಕವಾಗಿ ನಡೆಯತಕ್ಕ ಕಾರ್ಯಕ್ರಮಗಳಲ್ಲಿ ಸಾಲು ಎಂದೂ ಮುಗಿಯದು. ಪತ್ರವು ಮುಗಿಯದಿದ್ದರೆ ಋಣವೂ ತೀರದು.

ಈ ಅನುಭವವು ಗ್ರಂಥಸ್ಥವಾದ ಒಂದು ಸ್ಥಳವು ಪಾಠಸಂಶೋಧಕರಿಗೆ ವಿಶೇಷ ರುಚಿಸತಕ್ಕದ್ದು. ಘಟನೆಗಳ ವರದಿಯನ್ನು ದೂರದ ಯಂತ್ರಕ್ಕೆ ಕಳಿಸುವ ಲಾಗ್-ಫೋರ್-ಜೆ ಎಂಬ ಗ್ರಂಥಾಲಯದ ೧.೨ನೆಯ ಆವೃತ್ತಿಯಲ್ಲಿ, ಎಷ್ಟು ವರದಿಗಳಿಗೊಮ್ಮೆ ರಿಸೆಟ್ ಮಾಡಬೇಕೆಂಬದಕ್ಕೆ ಒಂದು ಸ್ಥಿರಸಂಖ್ಯೆ ಇದೆ. ಮೂಲಪಾಠವನ್ನು ತೆರೆದು ನೋಡಿದರೆ ಸಂಖ್ಯೆ ೭೦ ಎಂಬ ಸಾಲು ಹೊಡೆದುಹಾಕಿದ ಸ್ಥಿತಿಯಲ್ಲಿ ಹಾಗೆಯೇ ಉಳಿದಿದ್ದು, ಅದರ ಕೆಳಗೆ ೧ ಎಂಬ ಹೊಸ ಸಾಲು ಬಂದಿದೆ. ಆಗಾಗ ಹೀಗೆ ಮಾಡದಿದ್ದರೆ ಘೋರವಾದ ಸೋರಿಕೆಯುಂಟಾಗುವದೆಂಬ ಅಭಿಪ್ರಾಯದ ಟಿಪ್ಪಣಿಯೂ ಪಕ್ಕದಲ್ಲಿದೆ. ಓಲೆಗರಿಯಲ್ಲಿ ಲಿಪಿಕಾರನು ಹಳೆಯ ಪಾಠಕ್ಕೆ ಗೀಟೆಳೆದು ಹೊಸದನ್ನು ಬರೆದಂತೆಯೇ ಇದು; ಎರಡೂ ಪಾಠಗಳು ಒಂದೇ ಪ್ರತಿಯಲ್ಲಿ ಉಳಿದುವು. ೭೦ರಿಂದ ೧ಕ್ಕೆ ಇಳಿದದ್ದೆಂದರೆ ಪ್ರತಿಯೊಂದು ವರದಿಯನ್ನೂ ಬೇರೆ ಬೇರೆ ಪತ್ರವೆಂದೇ ಎಣಿಸಿದಂತೆ. ಇದಕ್ಕೆ ಪ್ರತಿಯಾಗಿ, ಬರ್ಕ್ಲಿಯಲ್ಲಿ ೨೦೦೯ರಲ್ಲಿ ಆರಂಭವಾದ ಸ್ಪಾರ್ಕ್ ಎಂಬ ವ್ಯವಸ್ಥೆಯು ೧೦೦ ವಸ್ತುಗಳಿಗೊಮ್ಮೆ ತಾನಾಗಿ ರಿಸೆಟ್ ಮಾಡುವದನ್ನು ವಾಡಿಕೆಯಾಗಿಟ್ಟುಕೊಂಡಿದೆ. ಕಾರಣವನ್ನೂ ತನ್ನ ಕೈಪಿಡಿಯಲ್ಲಿ ಬಿಚ್ಚಿ ಹೇಳಿದೆ. ೧ ಸರಿಯೋ ೧೦೦ ಸರಿಯೋ ಎಂಬ ವಾದಕ್ಕೆ ಏಕೋತ್ತರವಿಲ್ಲ. ರಿಸೆಟ್ ಮಾಡಿದಾಗಲೆಲ್ಲ ವಸ್ತುಗಳ ಜಾತಿಲಕ್ಷಣವನ್ನು ವಿವರಿಸುವ ದೊಡ್ಡ ಪೀಠಿಕೆಯನ್ನು ಪುನಃ ಬರೆಯಬೇಕಾಗುವದು. ಚಿಕ್ಕ ದಾಖಲೆಗಳಲ್ಲಿ ಪೀಠಿಕೆಯೇ ಗ್ರಂಥಕ್ಕಿಂತ ಹಿರಿದಾಗುವದುಂಟು.

ರೋಗವನ್ನು ಗುರುತಿಸುವ ಬಗೆಯನ್ನು ಸ್ವಲ್ಪ ವಿಸ್ತರಿಸಬೇಕು, ಯಾಕಂದರೆ ತಪ್ಪುಗಳು ಹೆಚ್ಚಾಗಿ ಆಗುವದು ಇಲ್ಲಿಯೇ. ಸ್ಮೃತಿಯ ಬಳಕೆಯನ್ನು ರೇಖೆಯಾಗಿ ಬರೆದರೆ ಆರೋಗ್ಯವಂತ ಕಾರ್ಯಕ್ರಮದಲ್ಲಿಯೂ ಅದು ಗರಗಸದ ಹಲ್ಲುಗಳಂತೆ ಏರಿ ಇಳಿಯುವದು. ಏರಿಕೆಯನ್ನು ನೋಡಿ ಹೆದರುವದು ವ್ಯರ್ಥ. ಹಲ್ಲುಗಳ ಬುಡವನ್ನು, ಎಂದರೆ ಪೂರ್ಣವಾಗಿ ಗುಡಿಸಿದ ಮರುಕ್ಷಣದ ಮಟ್ಟವನ್ನು, ನೋಡಬೇಕು; ಅದು ಒಂದೇ ಸಮನೆ ಏರುತ್ತಿದ್ದರೆ ಮಾತ್ರ ಹೂಳು ಕೂಡುತ್ತಿದೆಯೆಂದು ತಿಳಿಯತಕ್ಕದ್ದು. ಅಂಥಲ್ಲಿ ಸ್ಮೃತಿಯ ಚಿತ್ರವನ್ನೇ ಕಡತಕ್ಕೆ ಇಳಿಸಿ ಪರೀಕ್ಷಿಸುವರು. ಸರಣೀಕರಣದ ರೋಗವನ್ನು ಹುಡುಕಲು ಸ್ಮೃತಿಯನ್ನೆಲ್ಲ ಸಾಲಾಗಿ ಬರೆದು ಓದುವದಾಯಿತು. ಮಿನ್ಸ್ಕಿಯು ಇದ್ದಿದ್ದರೆ ನಗುತ್ತಿದ್ದನು.

ಆ ಚಿತ್ರದಲ್ಲಿ ಕೇಳಬೇಕಾದ ಪ್ರಶ್ನೆಯು ಯಾವ ಜಾತಿಯ ವಸ್ತುಗಳು ಹೆಚ್ಚಾಗಿವೆ ಎಂಬದಲ್ಲ. ಹೆಚ್ಚಾಗಿರುವವು ರೈತರ ದಾಖಲೆಗಳೇ. ಅದರಿಂದ ದಾಖಲೆಗಳನ್ನು ನಿರ್ಮಿಸುವ ಭಾಗದ ಮೇಲೆ ಸಂಶಯವು ಹೋಗಿ, ನಿರಪರಾಧಿಗೆ ದಂಡವಾಗುವದು. ಕೇಳಬೇಕಾದದ್ದು, ಯಾರು ಹಿಡಿದಿದ್ದಾರೆ ಎಂದು. ಇದಕ್ಕೆ ಲೆಂಗಾವರ್ ಮತ್ತು ಟಾರ್ಜನ್ ಇವರು ೧೯೭೯ರಲ್ಲಿ ಕೊಟ್ಟ ಗಣಿತವು ಉಪಯೋಗಕ್ಕೆ ಬರುತ್ತದೆ. ಊರಿಗೆ ಒಂದೇ ಅಗಸಿ ಇದ್ದರೆ ಒಳಗಿನ ಯಾವ ಮನೆಗೆ ಹೋಗುವವನೂ ಆ ಅಗಸಿಯನ್ನು ದಾಟಲೇಬೇಕು. ಅಗಸಿಯನ್ನು ಮುಚ್ಚಿದರೆ ಊರೆಲ್ಲ ಹೊರಗಿನವರಿಗೆ ಇಲ್ಲದಂತೆ. ಸ್ಮೃತಿಯ ಬಲೆಯಲ್ಲಿ ಇಂಥ ಅಗಸಿಗಳನ್ನು ಕಂಡುಹಿಡಿದು, ಒಂದೊಂದರ ಹಿಂದೆ ಎಷ್ಟು ಜಾಗವು ಸಿಕ್ಕಿಕೊಂಡಿದೆಯೆಂದು ಲೆಕ್ಕಹಾಕುವ ಉಪಕರಣವು ಎಕ್ಲಿಪ್ಸ್ ಸಂಸ್ಥೆಯ ಆಶ್ರಯದಲ್ಲಿ ಪ್ರಚಾರದಲ್ಲಿದೆ. ಸರಣೀಕರಣದ ಹೂಳಿನಲ್ಲಿ ಅಗಸಿಯು ಬರಹಗಾರನ ಕ್ರಮಾಂಕಪಟ್ಟಿಯೇ ಆಗಿ ಕಾಣುವದು.

ಕಾಣದಿದ್ದರೆ ಬೇರೆ ಕಾರಣವನ್ನು ಹುಡುಕಬೇಕು. ಸಿಕ್ಕಿಕೊಂಡದ್ದು ವಸ್ತುಗಳಲ್ಲದೆ ಬರಿಯ ಬೈಟುಗಳ ರಾಶಿಯಾಗಿದ್ದರೆ, ಬರೆದದ್ದನ್ನು ತುಂಬಿಡುವ ಪಾತ್ರೆಯು ದೊಡ್ಡದಾಗಿರುವದೆಂದು ತಿಳಿಯಬೇಕು. ದುರ್ದೈವದಿಂದ ಆ ಪಾತ್ರೆಯನ್ನು ಬರಿದುಮಾಡುವ ಕ್ರಿಯೆಗೂ ರಿಸೆಟ್ ಎಂಬದೇ ಹೆಸರು. ಪಾತ್ರೆಯ ರಿಸೆಟ್ಟನ್ನು ಕರೆದು ಪಟ್ಟಿಯು ಬರಿದಾಯಿತೆಂದು ನಂಬಿ ಕೂತವರುಂಟು. ಪಟ್ಟಿಯು ಬರಿದಾಗುವದಿಲ್ಲ; ಅಷ್ಟೇ ಅಲ್ಲ, ಮುಂದೆ ಬರೆದದ್ದರಲ್ಲಿ ಸಾಲಿನ ಶೀರ್ಷಿಕೆಯೂ ಇಲ್ಲದೆ, ಇಲ್ಲದ ಹಿಂದಿನ ಪತ್ರದ ಮಜಕೂರಗಳು ತುಂಬಿ, ಬಿಡಿಯಾಗಿ ಓದಲು ಬಾರದ ಬರೆಹವಾಗುವದು. ನಾನಾರ್ಥವುಳ್ಳ ಒಂದು ಶಬ್ದದಿಂದ ಇಷ್ಟು ಅನರ್ಥ. ಪ್ರತಿಯೊಂದು ವಸ್ತುವನ್ನೂ ಹಂಚಿಕೊಳ್ಳದೆ ಬರೆಯುವ ರೈಟ್-ಅನ್‌ಶೇರ್ಡ್ ಎಂಬ ಉಪಾಯವು ಜಾವಾದ ೧.೪ನೆಯ ಆವೃತ್ತಿಯಲ್ಲಿ, ೨೦೦೨ರಲ್ಲಿ, ಬಂದಿತು. ಅದು ಮೇಲಿನ ವಸ್ತುವಿಗೆ ಮಾತ್ರ ಅನ್ವಯಿಸುವದು. ಅದರೊಳಗಿನ ವಸ್ತುಗಳು ಎಂದಿನಂತೆ ಪಟ್ಟಿಗೆ ಸೇರುವವು.

ಡಾಟ್‌ನೆಟ್ಟಿನಲ್ಲಿ ರೋಗದ ರೂಪವು ಬೇರೆ. ಅಲ್ಲಿಯ ಎಕ್ಸ್‌ಎಂಎಲ್ ಬರಹಗಾರನು ಪ್ರತಿಯೊಂದು ಜಾತಿಗೂ ಕಾರ್ಯಕ್ರಮವನ್ನೇ ಹೊಸದಾಗಿ ಹುಟ್ಟಿಸಿಕೊಳ್ಳುವನು. ಎರಡು ರೀತಿಯ ನಿರ್ಮಾಣಗಳಲ್ಲಿ ಮಾತ್ರ ಹಿಂದೆ ಹುಟ್ಟಿಸಿದ್ದನ್ನು ನೆನಪಿಟ್ಟು ಬಳಸುವನು. ಉಳಿದ ರೀತಿಗಳಲ್ಲಿ ಪ್ರತಿಸಲವೂ ಹೊಸದೊಂದು ಹುಟ್ಟಿ, ಹಳೆಯದು ಇಳಿಯದೆ ಉಳಿ ಯುವದು. ಜಾವಾದಲ್ಲಿ ನೆನಪು ಹೆಚ್ಚಾಗಿ ಹೂಳಾದರೆ ಇಲ್ಲಿ ನೆನಪಿಲ್ಲದೆ ಹೂಳಾಯಿತು. ಬರಹಗಾರನನ್ನು ಒಮ್ಮೆ ನಿರ್ಮಿಸಿ ತೆಗೆದಿಟ್ಟುಕೊಳ್ಳಿರೆಂದು ತಯಾರಕರೇ ಉಪದೇಶಿಸಿದ್ದಾರೆ. ಪೈಥನ್ನಿನಲ್ಲಿ ಒಂದೇ ಪಿಕಲರನ್ನು ಪದೇ ಪದೇ ಬಳಸಿದರೆ ಜಾವಾದಂತೆಯೇ. ಕ್ಲಿಯರ್-ಮೆಮೊ ಎಂಬ ಕ್ರಿಯೆಯು ಔಷಧ.

ಹಿಂದಿನ ನೆನಪಿನ ಎಲ್ಲೆ ಯಾವದೆಂಬ ಪ್ರಶ್ನೆಯು ವೈಯಾಕರಣರಿಗೆ ಹಳೆಯದು. ಪಾಣಿನಿಯು ಸುಮಾರು ೪,೦೦೦ ಸೂತ್ರಗಳಲ್ಲಿ ಅಷ್ಟು ದೊಡ್ಡ ಶಾಸ್ತ್ರವನ್ನು ಅಡಗಿಸಿದ್ದು ಅನುವೃತ್ತಿಯ ಬಲದಿಂದ; ಒಮ್ಮೆ ಹೇಳಿದ ಪದವು ಮುಂದಿನ ಸೂತ್ರಗಳಿಗೆ ತಾನಾಗಿ ಹರಿದುಬರುವದು. ಅಧಿಕಾರವನ್ನು ಸ್ವರಿತದಿಂದ ಗುರುತಿಸಬೇಕೆಂದು ೧-೩-೧೧ನೆಯ ಸೂತ್ರವು ವಿಧಿಸುವದು. ಕೆಲವೆಡೆಯಲ್ಲಿ ಇಲ್ಲಿಯ ವರೆಗೆ ಎಂದು ಸೂತ್ರಕಾರನೇ ಎಲ್ಲೆ ಹಾಕಿದ್ದಾನೆ. ಆದರೆ ಪಾಠಪರಂಪರೆಯಲ್ಲಿ ಆ ಸ್ವರಿತಗಳು ಉಳಿಯಲಿಲ್ಲ. ಎಲ್ಲಿ ಅನುವೃತ್ತಿ, ಎಲ್ಲಿ ನಿವೃತ್ತಿ ಎಂಬದನ್ನು ವ್ಯಾಖ್ಯಾನಕಾರರ ಮಾತಿನಿಂದ ತಿಳಿಯಬೇಕಾಯಿತು. ಅನುವೃತ್ತಿಗೆ ಗುರುತು ಬೇಕಾದಷ್ಟೇ ನಿವೃತ್ತಿಗೂ ಗುರುತು ಬೇಕು. ಜಾವಾದ ನಿರ್ಮಾತೃಗಳು ಮೊದಲನೆಯದನ್ನು ತಾನಾಗಿ ನಡೆಯುವಂತೆ ಮಾಡಿ ಎರಡನೆಯದನ್ನು ಬಳಸುವವನ ಜ್ಞಾಪಕಕ್ಕೆ ಬಿಟ್ಟದ್ದೇ ಲೋಪವೆಂದು ತೋರುತ್ತದೆ.

ಈ ಲೋಪದಿಂದ ಜಾಗದ ನಷ್ಟಕ್ಕಿಂತ ಹೆಚ್ಚಿನ ಅನರ್ಥವೊಂದು ಸಂಭವಿಸುವದು. ಅಸೂಟಿಯ ಒಂದು ಹೊಲದ ದಾಖಲೆಯನ್ನು ಬೆಳಿಗ್ಗೆ ಸಾಲಿನಲ್ಲಿ ಬರೆದಾಗ ಮಾಲಕನು ತಂದೆ ಎಂದಿರಲಿ. ಮಧ್ಯಾಹ್ನ ವಾರಸಾ ಬದಲಾಗಿ ಅದೇ ದಾಖಲೆಯಲ್ಲಿ ಮಗನ ಹೆಸರು ಬಂದಿತು. ಸಂಜೆ ಅದೇ ಬರಹಗಾರನಿಂದ ಅದೇ ದಾಖಲೆಯನ್ನು ಪುನಃ ಕಳಿಸಿದರೆ, ಅವನು ವಸ್ತುವಿನ ಒಳಗನ್ನು ನೋಡನು. ಇದು ಪಟ್ಟಿಯಲ್ಲಿದೆಯೆಂದು ಮಜಕೂರವೆಂಬ ೫ ಬೈಟುಗಳನ್ನು ಬರೆದು ಸುಮ್ಮನಾಗುವನು. ಓದುವವನು ಬೆಳಗಿನ ಪ್ರತಿಯನ್ನೇ ತೆಗೆಯುವನು. ಅವನ ಪುಸ್ತಕದಲ್ಲಿ ತಂದೆಯೇ ಮಾಲಕನಾಗಿ ಉಳಿಯುವನು. ಯಾವ ದೋಷದ ಸೂಚನೆಯೂ ಬರುವದಿಲ್ಲ, ಯಂತ್ರವು ನಿಲ್ಲುವದೂ ಇಲ್ಲ. ಹೂಳಾದರೆ ಎಂದಾದರೊಂದು ದಿನ ಕಾರ್ಯಕ್ರಮವನ್ನು ಕೆಡವಿ ತನ್ನನ್ನು ತೋರಿಸಿಕೊಳ್ಳುವದು. ಇದು ತೋರಿಸಿಕೊಳ್ಳದೆ ಇರುವದು. ಆದುದರಿಂದ ಸ್ಮೃತಿಯು ಸಾಕಷ್ಟಿದೆ, ರಿಸೆಟ್ ಏಕೆ, ಎನ್ನುವವರ ಮಾತು ನಿಲ್ಲದು.

ಓದುವವನಲ್ಲಿಯೂ ಇಂಥದೇ ಪಟ್ಟಿಯೊಂದು ಬೆಳೆಯುತ್ತಿರುವದೆಂಬದನ್ನು ಹಲವರು ಗಮನಿಸುವದಿಲ್ಲ. ಬರೆದವನು ರಿಸೆಟ್ಟಿನ ಗುರುತನ್ನು ಕಳಿಸಿದಾಗಲೇ ಅದು ಬರಿದಾಗುವದು. ಆ ವರೆಗೆ ಓದುವವನ ಸ್ಮೃತಿಯು ಪರಾಧೀನ. ೨೦೧೭ರಲ್ಲಿ ಬಂದ ಜಾವಾದ ೯ನೆಯ ಆವೃತ್ತಿಯಲ್ಲಿ ಓದುವವನು ಸಾಲಿನ ಆಳಕ್ಕೂ ಬೈಟುಗಳಿಗೂ ಒಳನಿರ್ದೇಶಗಳ ಸಂಖ್ಯೆಗೂ ಮಿತಿಯನ್ನು ಹಾಕಿಕೊಳ್ಳುವ ಅನುಕೂಲತೆಯುಂಟಾಯಿತು. ಅದನ್ನು ತಂದದ್ದು ಮುಖ್ಯವಾಗಿ ಪರರ ದುಷ್ಟ ಬರೆಹಗಳಿಂದ ರಕ್ಷಣೆಗಾಗಿ. ಬರೆಯುವವನ ಪಟ್ಟಿಗೆ ಅಂಥ ಮಿತಿಯನ್ನು ಈ ವರೆಗೆ ಹಾಕಿಲ್ಲ. ರಿಸೆಟ್ ಮಾಡಿದಾಗಲೂ ಅಂಕಗಳು ಅಳಿಯುವವೇ ಹೊರತು, ಬೆಳೆದ ಪಟ್ಟಿಯ ಕಟ್ಟು ಚಿಕ್ಕದಾಗುವದಿಲ್ಲ. ಅದನ್ನು ಬಿಡಿಸಿಕೊಳ್ಳಬೇಕಾದರೆ ಆ ಬರಹಗಾರನನ್ನೇ ಬಿಟ್ಟು ಹೊಸಬನನ್ನು ಕೂಡ್ರಿಸಬೇಕು.